ಹಕ್ಕಿ ಮಾಸ್ತರರು ಕುಡಿದ ನೀರು

ಹಕ್ಕಿ ಮಾಸ್ತರರು ತೀರಿಕೊಂಡ ಸುದ್ದಿಯನ್ನು ರಾಯಚೂರಿನ ಸ್ಟೇಷನ್ ರಸ್ತೆಯಲ್ಲಿ ಅವರ ಹಳೆಯ ವಿದ್ಯಾರ್ಥಿಯೊಬ್ಬ ಸೈಕಲ್ಲಿನಿಂದ ಒಂದು ಕಾಲು ಕೆಳಗಿಟ್ಟು ಹೇಳಿದ. ದೇವದುರ್ಗದ ಕಡೆ, ಹುಟ್ಟೂರಿನಲ್ಲೇ ಹೋದರಂತೆ. ಯಾರಾದರೂ ಸತ್ತರೆಂದು ಕೇಳಿದಾಗ ಮೊದಲು ಅವರ ಮುಖ ನೆನಪಾಗುತ್ತದೆ. ನನಗೆ ನೆನಪಾದದ್ದು ಅವರ ಎರಡು ಕೈಗಳು. ಜೋಡಿಸಿ ಹಿಡಿದ ಬೊಗಸೆ, ಉಗುರಿನ ಸಂದಿಯಲ್ಲಿ ಬಿಳಿ ಪುಡಿ, ಮೇಲಿನಿಂದ ಬೀಳುತ್ತಿರುವ ನೀರು. ಅವನು ಇನ್ನೂ ಏನೋ ಹೇಳುತ್ತಿದ್ದ. ನಾನು ಪಕ್ಕದ ಅಂಗಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟೆ.

ಹೈದರಾಬಾದಿನಲ್ಲಿ ಬಿ.ಎ. ಮುಗಿಸಿ ರಾಯಚೂರಿನ ಹೈಸ್ಕೂಲಿಗೆ ನಾನು ಲೆಕ್ಕದ ಮಾಸ್ತರನಾಗಿ ಸೇರಿದಾಗ ಅವರು ಅಲ್ಲಿ ಡ್ರಾಯಿಂಗ್ ಮತ್ತು ವಿಜ್ಞಾನ ಕಲಿಸುತ್ತಿದ್ದರು. ನಲವತ್ತು ದಾಟಿತ್ತು. ಕಪ್ಪಗೆ, ತೆಳ್ಳಗೆ, ಎಂಥ ಬಿಸಿಲಿನಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಕೋಟು. ತಮ್ಮ ಚೇಷ್ಟೆಯ ಮಾತಿಗೆ ತಾವೇ ಮೊದಲು ನಗುವ ಮನುಷ್ಯ. ಬೇರೆಯವರು ನಗುವ ಹೊತ್ತಿಗೆ ಅವರ ನಗು ಮುಗಿದಿರುತ್ತಿತ್ತು.

ಸ್ಟಾಫ್ ರೂಮಿನಲ್ಲಿ ಒಂದು ಮಣ್ಣಿನ ಹೂಜಿ, ಪಕ್ಕದಲ್ಲಿ ಹಿತ್ತಾಳೆಯ ಲೋಟ ಇರುತ್ತಿತ್ತು. ಅವರು ಅದರ ಹತ್ತಿರ ಹೋದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಮನೆಯಿಂದ ಬಾಟಲಿಯಲ್ಲಿ ನೀರು ತರುತ್ತಿದ್ದರು. ಹೊಸಬನಾದ ನಾನು ಒಮ್ಮೆ ಲೋಟ ತುಂಬಿ ಅವರ ಮುಂದೆ ಹಿಡಿದೆ. ಕೋಣೆಯಲ್ಲಿ ಮಾತು ನಿಂತಿತು.

“ಇರ್ಲಿ ತಮ್ಮಾ. ನನ್ನ ನೀರು ನನ್ನ ಸಂಗಾಟ ಬರ್ತದ,” ಎಂದು ಬಾಟಲಿ ಎತ್ತಿ ತೋರಿಸಿದರು.

ಅವರದು ಊರ ಹೊರಗಿನ ಕೇರಿ. ತಂದೆ ಪರರ ಹೊಲದಲ್ಲಿ ದುಡಿದು ಸತ್ತವರು. ಇವರು ಶಾಲೆಯ ಬಾಗಿಲಾಚೆ, ಅಂಗಳದಲ್ಲಿ ಕೂತು ಅಕ್ಷರ ಕಲಿತರು. ಅದನ್ನು ಹೇಳುವಾಗಲೂ ಒಂದು ಚೇಷ್ಟೆ ಸೇರಿಸುತ್ತಿದ್ದರು: “ಒಳಗ ಕುಂತವ್ರಿಗೆ ಬರೇ ಕರಿ ಹಲಗಿ ಕಾಣ್ತಿತ್ತು. ನನಗ ಹಲಗೀನೂ ಕಾಣ್ತಿತ್ತು, ಆಕಾಶನೂ ಕಾಣ್ತಿತ್ತು.”

ಡ್ರಾಯಿಂಗ್ ತರಗತಿಯಲ್ಲಿ ಅವರಿಗೆ ಒಂದೇ ನಿಯಮ. ಕಂಡದ್ದನ್ನು ಬರೆಯಬೇಕು, ಗೊತ್ತಿರುವುದನ್ನು ಬರೆಯಬಾರದು. ಮೇಜಿನ ಮೇಲೆ ಗಡಿಗೆ ಇಟ್ಟರೆ ಹುಡುಗರೆಲ್ಲ ಎರಡೂ ಕಡೆ ಸಮನಾದ ಚೆಂದದ ಗಡಿಗೆ ಬರೆಯುತ್ತಿದ್ದರು. ಇವರು ಒಬ್ಬೊಬ್ಬನ ಹಾಳೆ ಎತ್ತಿ, “ಇದು ಅಂಗಡ್ಯಾನ ಗಡಗಿ. ಇಲ್ಲಿಟ್ಟ ಗಡಗಿ ಬಾಯಿ ಸೊಟ್ಟ ಅದ. ಕಣ್ಣು ಅವೋ ಇಲ್ಲೋ?” ಎಂದು ಕೇಳುವರು. ಸೊಟ್ಟ ಬಾಯಿ ಬರೆದವನಿಗೆ ಮಾತ್ರ ಶಹಬ್ಬಾಸ್.

ಅವರಿಗೆ ಹಕ್ಕಿ ಮಾಸ್ತರ ಎಂಬ ಹೆಸರು ಬಂದದ್ದು ಅವರ ಅಲ್ಮಾರಿಯಿಂದ. ವಿಜ್ಞಾನದ ಕೋಣೆಯ ಮೂಲೆಯಲ್ಲಿ ಗಾಜಿನ ಬಾಗಿಲಿನ ಅಲ್ಮಾರಿ. ಅದರ ತುಂಬ ಅಂಗಾತ ಮಲಗಿಸಿದ ಹಕ್ಕಿಗಳು. ಒಳಗಿನ ಮಾಂಸ ತೆಗೆದು, ಪುಕ್ಕ ಕೆಡದ ಹಾಗೆ ಚರ್ಮ ಉಳಿಸಿ, ಹತ್ತಿ ತುಂಬಿ ಹೊಲಿದವು. ಹರೆಯದಲ್ಲಿ ಒಬ್ಬ ಬಿಳಿಯ ದೊರೆಯ ಶಿಕಾರಿ ಕ್ಯಾಂಪಿನಲ್ಲಿ ಸಾಮಾನು ಹೊರುತ್ತ ಈ ಕೆಲಸ ಕಲಿತಿದ್ದರು. ಹುಳ ಹತ್ತದಂತೆ ಚರ್ಮದ ಒಳಬದಿಗೆ ಪಾಷಾಣದ ಪುಡಿ ಬಳಿಯಬೇಕು. ಇಲಿಗೆ ಇಡುತ್ತಾರಲ್ಲ, ಅದೇ ಪಾಷಾಣ. ಅದಕ್ಕೆ ಚರ್ಮ ಹದ ಮಾಡುವ ಪಟಕದ ಪುಡಿ ಬೆರೆಸಿ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಬ್ರಷ್ಷಿನಿಂದ ಬಳಿಯಬಹುದಿತ್ತು, ಅವರಿಗೆ ಬೆರಳೇ ಬೇಕು. “ಚರ್ಮ ಎಲ್ಲಿ ತೆಳ್ಳಗ ಅದ ಅಂತ ಬ್ರಷ್ಷಿಗೆ ಗೊತ್ತಾಗಂಗಿಲ್ಲ,” ಎನ್ನುತ್ತಿದ್ದರು.

ಕೆಲಸ ಮುಗಿದ ಮೇಲೆ ಬೂದಿ ಹಚ್ಚಿ, ಉಗುರಿನ ಸಂದಿಗೆ ಬೇವಿನ ಕಡ್ಡಿ ಹಾಕಿ, ಬಹಳ ಹೊತ್ತು ಕೈ ತೊಳೆಯುತ್ತಿದ್ದರು. ಅಲ್ಲಿಯವರೆಗೆ ಬೀಡಿ ಮುಟ್ಟುತ್ತಿರಲಿಲ್ಲ. ಯಾರಾದರೂ ಪುಸ್ತಕ ಕೊಡಲು ಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, “ದೂರ ನಿಂದ್ರು. ಈಗ ನಾ ಯಾರನ್ನೂ ಮುಟ್ಟಂಗಿಲ್ಲ. ಇವತ್ತು ನನ್ನ ಪಾಳಿ,” ಎಂದು ಕಣ್ಣು ಮಿಟುಕಿಸುತ್ತಿದ್ದರು. ಸ್ಟಾಫ್ ರೂಮಿನಲ್ಲಿ ಆ ಮಾತಿಗೆ ಯಾರೂ ನಗುತ್ತಿರಲಿಲ್ಲ.

ಆ ಹಕ್ಕಿಗಳಲ್ಲಿ ಅವರಿಗೆ ಹೆಚ್ಚಿನ ಅಕ್ಕರೆ ಒಂದರ ಮೇಲೆ. ಹೊನ್ನಗೊರವ ಎಂದು ಪುಸ್ತಕದಲ್ಲಿ ಬರೆಯಬಹುದೇನೋ. ಅವರು ಕರೆಯುತ್ತಿದ್ದದ್ದು ಅಳಿಯ ಎಂದು. ಪಾರಿವಾಳಕ್ಕಿಂತ ಸಣ್ಣದು. ಉದ್ದ ಕಾಲು, ಗಿಡ್ಡ ಕೊಕ್ಕು, ದುಂಡನೆಯ ದೊಡ್ಡ ಕಣ್ಣು. ಕಂದು ಬೆನ್ನಿನ ಮೇಲೆ ಬಂಗಾರದ ಚೂರು ಉದುರಿಸಿದಂತೆ ಚುಕ್ಕಿಗಳು. ಎರೆಹೊಲದಲ್ಲಿ, ಕೆರೆಯಂಗಳದಲ್ಲಿ, ಹೊಳೆಯ ಉಸುಕಿನಲ್ಲಿ ಗುಂಪಾಗಿ ಇಳಿಯುತ್ತವೆ. ಚುರುಕಾಗಿ ಓಡುತ್ತದೆ, ಗಕ್ಕನೆ ನಿಲ್ಲುತ್ತದೆ, ಬಗ್ಗಿ ಹುಳ ಹೆಕ್ಕುತ್ತದೆ, ಮತ್ತೆ ಓಡುತ್ತದೆ.

“ಗಣಪತಿ ಹಬ್ಬದ ಹೊತ್ತಿಗೆ ಬರ್ತಾವ. ಚಳಿಗಾಲ ಪೂರಾ ಮಾವನ ಮನ್ಯಾಗ ಉಂಡು ಮೈ ಮಾಡ್ಕೋತಾವ. ಯುಗಾದಿ ದಾಟ್ತಂದ್ರ ಹೇಳದ ಕೇಳದ ಹೊಂಟು ಹೋಗ್ತಾವ. ಅಳಿಯ ಅಲ್ಲದ ಮತ್ತೇನು?”

ನಮ್ಮೂರು ಮಟಮಾರಿ, ನಮ್ಮದು ಕುರಿ ಕಾಯುವ ಮನೆತನ. ಒಂದು ಚಳಿಗಾಲ ಅವರನ್ನು ಊರಿಗೆ ಕರೆದುಕೊಂಡು ಹೋದೆ. ನನ್ನ ಕಾಕಾ ಹೊಲದಲ್ಲಿದ್ದ ಹಕ್ಕಿಗಳನ್ನು ನೋಡಿ, “ಇವು ಗೊತ್ತವ. ಕರಿಮಾರಿ ಹಕ್ಕೀನೂ ಗೊತ್ತದ. ಅದು ಬ್ಯಾರೆ,” ಎಂದ. ಮುಖಕ್ಕೆ ನಮ್ಮ ಕಡೆ ಮಾರಿ ಎನ್ನುತ್ತಾರೆ. ಬೇಸಿಗೆ ಶುರುವಾಗುವಾಗ ಹೊಳೆ ದಂಡೆಯಲ್ಲಿ ಮುಖ, ಎದೆ, ಹೊಟ್ಟೆ ಎಲ್ಲ ಮಸಿ ಬಳಿದಂತಿರುವ ಒಂದು ಹಕ್ಕಿ ಕಾಣುತ್ತದೆ. ಅದು ಕಂಡರೆ ಕುರಿಗೆ ಬೇನೆ ಬರುತ್ತದೆಂದು ನಮ್ಮವರು ಹಿಂಡನ್ನು ಬೇರೆ ಕಡೆ ಹೊಡೆಯುತ್ತಿದ್ದರು.

“ಅದೂ ಇದೂ ಒಂದ, ಯಜಮಾನ್ರ. ಹೋಗೋ ಮುಂದ ಅಂಗಿ ಬದಲಿ ಮಾಡ್ತದ,” ಎಂದರು ಮಾಸ್ತರರು.

“ಅಂಗಿ ಯಾರರೆ ಬದಲಿ ಮಾಡ್ತಾರ. ಮಾರಿ ಹೆಂಗ ಬದಲಿ ಮಾಡ್ತದ? ನೀವು ನಿಮ್ಮ ಮಾರಿ ಬದಲಿ ಮಾಡಿ ತೋರಸ್ರಿ, ನೋಡೋಣು.”

“ನನ್ನದು ಮೊದಲ ಕರಿ ಅದ. ಇನ್ನೇನು ಬದಲಿ ಮಾಡ್ಲಿ?”

ಕಾಕಾ ಕಂಬಳಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕ. ಆದರೆ ಒಪ್ಪಲಿಲ್ಲ. ಮಾಸ್ತರರಿಗೆ ಅದು ಚುಚ್ಚಿತು. ಬಂಗಾರದ ಹಕ್ಕಿ ಅವರ ಅಲ್ಮಾರಿಯಲ್ಲಿತ್ತು, ಕಪ್ಪು ಹೊಟ್ಟೆಯದೂ ಇತ್ತು. ಅರ್ಧ ಬದಲಾದದ್ದು ಒಂದು ಸಿಕ್ಕರೆ ಎರಡರ ನಡುವೆ ಇಡಬೇಕು. ಆಗ ನೋಡಿದವನಿಗೆ ಮಾತು ಬೇಕಾಗುವುದಿಲ್ಲ.

ಅದಕ್ಕೆ ಅವರು ಆರಿಸಿಕೊಂಡದ್ದು ಆ ಬೇಸಿಗೆ. ದೇಶಕ್ಕೆ ಸ್ವಾತಂತ್ರ್ಯ ಬಂದಿತ್ತು, ನಮ್ಮ ಹೈದರಾಬಾದ್ ಸಂಸ್ಥಾನಕ್ಕೆ ಬಂದಿರಲಿಲ್ಲ. ತುಂಗಭದ್ರೆಯ ಆಚೆ ದಂಡೆ ಬೇರೆ ರಾಜ್ಯ. ಜನ ಗಂಟುಮೂಟೆ ಕಟ್ಟಿಕೊಂಡು ಹೊಳೆ ದಾಟುತ್ತಿದ್ದರು. ಬಂದೂಕು ಹಿಡಿದವರು ಊರೂರು ತಿರುಗುತ್ತಿದ್ದರು, ಯಾರು ಯಾರ ಕಡೆ ಎಂದು ತಿಳಿಯುತ್ತಿರಲಿಲ್ಲ. ಅದರ ಮೇಲೆ ಒಂದು ಗಾಳಿಸುದ್ದಿ. ಬಾವಿಗೆ ವಿಷ ಹಾಕುವವರು ಬಂದಿದ್ದಾರೆ, ಬಾಗಲವಾಡದಲ್ಲಿ ಇಬ್ಬರನ್ನು ಹಿಡಿದರು ಎಂದು ಮಾನ್ವಿಯಲ್ಲಿ ಹೇಳುತ್ತಿದ್ದರು. ಬಾಗಲವಾಡದವರನ್ನು ಕೇಳಿದರೆ, ನಮ್ಮಲ್ಲಲ್ಲ, ದೇವದುರ್ಗದಲ್ಲಿ ಎನ್ನುತ್ತಿದ್ದರು. ಊರಿನ ಬಾವಿಗಳಿಗೆ ಹಗಲೂ ಕಾವಲು ಬಿದ್ದಿತ್ತು.

ಈ ವರ್ಷ ಬೇಡ ಎಂದು ನಾನು ಹೇಳಿದೆ.

“ಹಕ್ಕಿಗೆ ಸಂಸ್ಥಾನದ ಖಬರು ಇಲ್ಲ ತಮ್ಮಾ,” ಎಂದರು. “ಅದು ಬಣ್ಣ ಬದಲಿ ಮಾಡೋದು ನಿಲ್ಲಸಂಗಿಲ್ಲ. ಈಗ ಬಿಟ್ರ ಹೊಂಟು ಹೋಗ್ತದ. ಬಂದೂಕು ಒಯ್ಯೋದು ಬ್ಯಾಡ, ಉರುಲು ಒಯ್ಯೋಣು.”

ಒಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೊರಟೆ. ಮಾನ್ವಿಗೆ ಬಸ್ಸು, ಅಲ್ಲಿ ಪರಿಚಯದವರ ಮನೆಯಲ್ಲಿ ಇದ್ದು, ಬೆಳಕು ಹರಿಯುವ ಹೊತ್ತಿಗೆ ಚೀಕಲಪರ್ವಿಯ ಹೊಳೆ. ನೀರು ಸಣ್ಣಗಾಗಿ ಉಸುಕಿನ ದಿಬ್ಬಗಳು ಎದ್ದಿದ್ದವು. ಅಲ್ಲಿ ಅವು ಇದ್ದವು. ಕೆಲವು ಇನ್ನೂ ಬಂಗಾರ. ಕೆಲವಕ್ಕೆ ಎದೆಯಲ್ಲಿ ಅಲ್ಲಲ್ಲಿ ಮಸಿ. ಒಂದು ಪೂರಾ ಕಪ್ಪು, ಹುಬ್ಬಿನಿಂದ ಪಕ್ಕೆಯವರೆಗೆ ಇಳಿದ ಒಂದು ಬಿಳಿ ಪಟ್ಟಿ ಬಿಟ್ಟು. ಅದು ನಮ್ಮ ಕಡೆ ತಿರುಗಿ ನಿಂತಾಗ ನನಗೆ ಕಾಕಾನ ಮಾತು ನೆನಪಾಗಿ ಮೈ ಜುಂ ಎಂದಿತು.

ಮಾಸ್ತರರು ಕುದುರೆಯ ಬಾಲದ ಕೂದಲಿನ ಉರುಲುಗಳನ್ನು ಉಸುಕಿನಲ್ಲಿ ನೆಟ್ಟು, ದಂಡೆಯ ಜಾಲಿಯ ಹಿಂದೆ ಕೂತು ಸಿಳ್ಳೆ ಹಾಕಿದರು. ಎರಡು ಸ್ವರ, ಎರಡನೆಯದು ಮೇಲೆ ಎಳೆದದ್ದು. ಹಕ್ಕಿಗಳು ತಲೆ ಎತ್ತಿದವು. ಒಂದು ಉತ್ತರ ಕೊಟ್ಟಿತು. ಸಿಳ್ಳೆ ಹಾಕುತ್ತ ಹಾಕುತ್ತ ಅವನ್ನು ಉರುಲಿನ ಕಡೆ ನಡೆಸಿಕೊಂಡು ಬಂದರು. ಸಿಕ್ಕದ್ದು ಅವರು ಬಯಸಿದ್ದೇ. ಅರ್ಧ ಸುಟ್ಟ ರೊಟ್ಟಿಯ ಹಾಗೆ, ಹೊಟ್ಟೆಯ ಮೇಲೆ ಕಪ್ಪು ಕಲೆಗಳು. “ಮಾವನ ತಪ್ಪು ಕ್ಷಮಾ ಮಾಡಪಾ,” ಎಂದು ಎದೆ ಒತ್ತಿ ಅದರ ಉಸಿರು ನಿಲ್ಲಿಸಿದರು.

ವಾಪಸು ಹೊರಟಾಗ ಬಿಸಿಲು ಏರಿತ್ತು. ಮಾನ್ವಿ ಮುಟ್ಟುವಷ್ಟರಲ್ಲಿ ಹಕ್ಕಿ ಕೆಡುತ್ತದೆ ಎಂದರು. ದಾರಿಯಲ್ಲಿ ಒಂದು ಊರು. ಅದರ ಹೆಸರು ಬರೆಯುವುದಿಲ್ಲ. ಅಂದು ಅಲ್ಲಿದ್ದವರ ಮಕ್ಕಳಲ್ಲಿ ನನಗೆ ಬೇಕಾದವರಿದ್ದಾರೆ. ಊರ ಮುಂದೆ ಬಾವಿ, ಅದರಿಂದ ದೂರಕ್ಕೆ ಒಂದು ಬೇವಿನ ಮರ. ಬಾವಿಯ ಹತ್ತಿರ ಹೋಗಬಾರದೆಂಬುದು ಮಾಸ್ತರರಿಗೆ ಹುಟ್ಟಿನಿಂದ ಬಂದ ರೂಢಿ. ಮರದ ಆಚೆ ಬದಿಗೆ, ಬಾವಿಗೆ ಬೆನ್ನು ಮಾಡಿ ಕೂತು ಹಕ್ಕಿಯ ಚರ್ಮ ಬಿಡಿಸಿದರು. ಡಬ್ಬಿ ತೆಗೆದು ಬೆರಳಿನಿಂದ ಪುಡಿ ಬಳಿದರು. ಹತ್ತಿ ತುಂಬಿ ಹೊಲಿದರು. ಕೈ ತೊಳೆಯಲು ಬಾಟಲಿ ತೆಗೆಯುವಾಗ ಒಂದು ಸುಳಿಗಾಳಿ ಎದ್ದು, ತೆರೆದ ಡಬ್ಬಿಯ ಪುಡಿಯನ್ನು ಹೊಗೆಯ ಹಾಗೆ ಎತ್ತಿ ಊರ ಕಡೆ ತೂರಿತು.

ಬಾವಿಯ ಗಡಗಡಿಯ ಸದ್ದು ನಿಂತಿತು. ನಾನು ತಿರುಗಿ ನೋಡಿದೆ. ನೀರು ಸೇದುತ್ತಿದ್ದ ಹೆಂಗಸರು ಹಗ್ಗ ಹಿಡಿದು ನಮ್ಮನ್ನೇ ನೋಡುತ್ತಿದ್ದರು.

ಕೂಗಾಟ ಆಗಿದ್ದರೆ ನಾನು ಅಷ್ಟು ಹೆದರುತ್ತಿರಲಿಲ್ಲ. ಜನ ಸುಮ್ಮನೆ ಬಂದರು. ಓಣಿಯಿಂದ, ಹೊಲದಿಂದ, ಒಬ್ಬರ ಹಿಂದೊಬ್ಬರು ಬಂದು ಸುತ್ತ ನಿಂತರು. ಹೆಗಲ ಮೇಲೆ ಕೊಡಲಿ ಇಟ್ಟುಕೊಂಡಿದ್ದ ಒಬ್ಬ ತರುಣ ಬಾಟಲಿಯನ್ನು ಒದ್ದ. ಕೈ ತೊಳೆಯುವ ನೀರು ಎರೆಮಣ್ಣಿನ ಬಿರುಕಿಗೆ ಇಳಿದುಹೋಯಿತು. ಊರ ಪಾಟೀಲ, ಬಿಳಿ ಮೀಸೆಯ ಮುದುಕ, ಮುಂದೆ ಬಂದ.

“ಯಾವೂರ್ರಿ?”

“ರಾಯಚೂರು. ಸಾಲಿ ಮಾಸ್ತರ್ರು,” ಎಂದೆ ನಾನು.

“ಸಾಲಿ ಮಾಸ್ತರ್ರು ನಮ್ಮ ಬಾವಿಗೆ ಏನು ಕಲಸಾಕ ಬಂದೀರಿ?” ಯಾರೋ ಕಿಸಕ್ಕೆಂದು ನಕ್ಕು ತಕ್ಷಣ ಸುಮ್ಮನಾದರು. “ಡಬ್ಬ್ಯಾಗ ಏನದ?”

ಸುಣ್ಣ ಎನ್ನಬೇಕೆಂದು ಬಾಯಿ ತೆರೆದೆ. ಅಷ್ಟರಲ್ಲಿ ಅವರು, “ಪಾಷಾಣ,” ಎಂದರು.

ಈಗಲೂ ನಾನು ಆ ಮಧ್ಯಾಹ್ನವನ್ನು ಬೇರೆ ಬೇರೆ ತರಹ ನಡೆಸಿ ನೋಡುತ್ತೇನೆ. ಗಾಳಿ ಏಳುವುದಿಲ್ಲ. ಡಬ್ಬಿಯ ಮುಚ್ಚಳ ಹಾಕಿರುತ್ತದೆ. ಅವರು ಸುಣ್ಣ ಎನ್ನುತ್ತಾರೆ. ಎಷ್ಟು ಸಲ ನಡೆಸಿದರೂ ಕೊನೆಗೆ ಅವರ ದನಿಯಲ್ಲಿ ಆ ಒಂದು ಮಾತೇ ಬರುತ್ತದೆ.

ಗುಂಪು ಒಂದು ಹೆಜ್ಜೆ ಒಳಗೆ ಬಂತು. ಪಾಟೀಲ ಕೈ ಎತ್ತಿದ. ಮಾಸ್ತರರು ಹಕ್ಕಿಯನ್ನು ತೋರಿಸಿ ಎಲ್ಲವನ್ನೂ ಹೇಳಿದರು. ಹುಳ, ಚರ್ಮ, ಅಲ್ಮಾರಿ, ಹುಡುಗರ ಪಾಠ.

“ಹಕ್ಕಿ ತಿನ್ನೋರನ್ನ ನೋಡೀನಿ,” ಎಂದ ಕೊಡಲಿಯವ. “ಹಕ್ಕಿಗೆ ಪಾಷಾಣ ತಿನಸೋರನ್ನ ಇವತ್ತ ನೋಡಿದೆ.”

ಪಾಟೀಲ ಯೋಚಿಸಿ ಹೇಳಿದ: “ಬಾವಿಗೆ ಹಾಕಿಲ್ಲ ಅಂತೀರಿ. ಹಾಂಗಾದ್ರ ನಮ್ಮ ಬಾವಿ ನೀರು ಕುಡೀರಿ. ಹೊತ್ತು ಮುಳುಗೋತನ ನಮ್ಮ ಕಣ್ಣ ಮುಂದ ಕುಂದರ್ರಿ. ಏನೂ ಆಗ್ಲಿಲ್ಲಂದ್ರ ನಿಮ್ಮ ದಾರಿ ನಿಮಗ.”

ಏನಾದರೂ ಆದರೆ ಏನು ಎಂಬುದನ್ನು ಅವನು ಹೇಳಲಿಲ್ಲ. ಕೊಡಲಿಯವ ಕೊಡಲಿಯನ್ನು ಹೆಗಲು ಬದಲಿಸಿದ. ನನಗೆ ನಿಜಕ್ಕೂ ಸಮಾಧಾನವಾಯಿತು. ಬಾವಿ ಶುದ್ಧವಿತ್ತು, ನಮಗೆ ಗೊತ್ತಿತ್ತು. ಕುಡಿದು ಕೂತರೆ ಮುಗಿಯಿತು. ಸಂತೋಷದಿಂದ ಅವರ ಕಡೆ ನೋಡಿದೆ. ಅವರು ತಮ್ಮ ಕೈಗಳನ್ನು ನೋಡಿಕೊಳ್ಳುತ್ತಿದ್ದರು.

ಒಬ್ಬ ಮುದುಕಿ ತುಂಬಿದ ಕೊಡ ತಂದಳು. “ಯಾರ ಪೈಕಿ ಯಪ್ಪಾ ನೀವು?” ಎಂದು ಕೇಳಿದಳು. ಅವರು ತಮ್ಮ ಕೇರಿ ಹೇಳಿದರು. ಅವಳು ಕೆಟ್ಟ ದನಿಯಲ್ಲೇನೂ ಅನ್ನಲಿಲ್ಲ. “ಹಾಂಗಾದ್ರ ಬೊಗಸಿ ಹಿಡಿ. ಮ್ಯಾಲಿಂದ ಹಾಕ್ತೀನಿ,” ಎಂದಳು.

ಆಗ ನನಗೆ ಅರ್ಥವಾಯಿತು. ಪಾಷಾಣ ಇದ್ದದ್ದು ಬಾವಿಯಲ್ಲಲ್ಲ, ಆ ಬೊಗಸೆಯಲ್ಲಿ. ಅದರಿಂದ ಕುಡಿದು ಅವರು ಕಾರಿಕೊಂಡರೆ ಬಾವಿಗೆ ವಿಷ ಬಿದ್ದಿದೆ ಎಂದೇ ಊರಿಗೆ ಸಾಕ್ಷಿ ಸಿಕ್ಕಂತೆ.

“ನನ್ನ ಹತ್ರ ತಂಬಿಗಿ ಅದ, ಅದರಾಗ ಹಾಕ್ರಿ,” ಎಂದೆ.

“ನಿನ್ನ ತಂಬಿಗ್ಯಾಗ ಏನು ಸವರೀದಿ ಯಾರಿಗೆ ಗೊತ್ತು?” ಎಂದ ಕೊಡಲಿಯವ.

“ಕೈಗೆ ಪುಡಿ ಹತ್ಯದ್ರಿ. ತೊಳಕೊಂಡು ಕುಡೀತೀನಿ,” ಎಂದರು ಮಾಸ್ತರರು.

“ಏನೂ ಮಾಡಿಲ್ಲಂದ್ಮ್ಯಾಲ ತೊಳಕೊಳ್ಳೋದು ಯಾಕ?” ಪಾಟೀಲ ಕೇಳಿದ. ಸುತ್ತಲಿನವರೆಲ್ಲ ಹೌದೆಂದು ಗೋಣು ಹಾಕಿದರು.

ಮಾಸ್ತರರು ಕಾಲಡಿಯ ಮಣ್ಣನ್ನು ನೋಡಿದರು. ಆಮೇಲೆ, “ಹಾಂಗಾದ್ರ ಮೊದಲ ಭೂಮ್ತಾಯಿ ಆಣಿ ಮಾಡ್ತೀನಿ. ಅದಕ್ಕರೆ ಬಿಡ್ತೀರಿಲ್ಲೋ?” ಎಂದರು.

ನಮ್ಮ ಕಡೆ ಮಣ್ಣು ಹಿಡಿದು ಆಣೆ ಮಾಡುವವನನ್ನು ಯಾರೂ ತಡೆಯುವುದಿಲ್ಲ. ಅವರು ಬಗ್ಗಿ ಎರಡೂ ಕೈ ತುಂಬ ಮಣ್ಣು ತೆಗೆದುಕೊಂಡರು. “ಈ ಮಣ್ಣಾಣಿ, ನಿಮ್ಮ ಬಾವಿಗೆ ನಾ ಏನೂ ಹಾಕಿಲ್ಲ,” ಎನ್ನುತ್ತ ಅಂಗೈಗೆ ಅಂಗೈ ತಿಕ್ಕಿದರು. ಅದನ್ನು ಚೆಲ್ಲಿ ಮತ್ತೆ ತೆಗೆದುಕೊಂಡರು. “ನಮ್ಮಪ್ಪ ಇಂಥಾ ಮಣ್ಣಾಗ ದುಡದು ಸತ್ತಾನ, ಅವನಾಣಿ.” ಮತ್ತೆ ಬಗ್ಗಿದರು. “ನನ್ನ ಮಕ್ಕಳಾಣಿ.” ಅಷ್ಟು ಉದ್ದದ ಆಣೆಯನ್ನು ನಾನು ಕೇಳಿರಲಿಲ್ಲ. ಮುದುಕಿ ಸೆರಗು ತಲೆಗೆಳೆದುಕೊಂಡಳು. ಕೊಡಲಿಯವನೂ ಕಣ್ಣು ಕೆಳಗೆ ಮಾಡಿದ. ಬೆರಳ ಸಂದಿಗಳಲ್ಲಿ ಮಣ್ಣು ಓಡಾಡುತ್ತಿದ್ದದ್ದನ್ನು, ಹೆಬ್ಬೆರಳು ಒಂದೊಂದೇ ಉಗುರಿನ ಕೆಳಗೆ ಮಣ್ಣು ತುಂಬಿ ಕೆದಕುತ್ತಿದ್ದದ್ದನ್ನು ನಾನೊಬ್ಬನೇ ನೋಡಿದೆ. ಉಗುರಿನ ಬುಡದಲ್ಲಿ ಬಿಳಿ ಇನ್ನೂ ಉಳಿದಿತ್ತು.

ಬೊಗಸೆ ಹಿಡಿದರು. ಮುದುಕಿ ಕೊಡ ಎತ್ತಿ ಸುರಿದಳು. ಮೊದಲ ನೀರು ಬೆರಳ ಸಂದಿಯಿಂದ ಸೋರಿ ಮೊಣಕೈಗೆ ಇಳಿಯಿತು.

“ಚೆಲ್ಲಬ್ಯಾಡ. ಕುಡಿ,” ಎಂದ ಕೊಡಲಿಯವ.

ಅವರು ಬಾಯಿ ಹಚ್ಚಿದರು. ಗಂಟಲು ಮೇಲೆ ಕೆಳಗೆ ಆಡಿತು.

“ಸಾಕೇನಪ್ಪ?”

“ಇನ್ನೊಂದೀಟು ಹಾಕವ್ವ. ನೀರು ಭಾಳ ಸವಿ ಅವ.”

ನನಗೂ ಕುಡಿಸಿದರು. ನನಗೆ ತಮ್ಮದೇ ಚರಿಗೆಯಲ್ಲಿ ಕೊಟ್ಟರು.

ಬೇವಿನ ಕೆಳಗೆ ಕೂತೆವು. ಊರು ಎದುರಿಗೆ ಕೂತಿತು. ಮರದ ನೆರಳು ಜರುಗಿದಂತೆ ನಾವು ಜರುಗಲಿಲ್ಲ, ಜರುಗಲು ಬಿಡಲಿಲ್ಲ. ಅವರ ಹಣೆಯಲ್ಲಿ ಬೆವರು ಮೂಡಿತು. ಮೇಲ್ತುಟಿಯ ಮೇಲೂ ಮೂಡಿತು. “ಕಬ್ಬಿಣ ನೆಕ್ಕಿದಾಂಗ ಆಗ್ಯದ ಬಾಯಿ,” ಎಂದು ನನಗಷ್ಟೇ ಕೇಳುವಂತೆ ಹೇಳಿದರು. ಆಮೇಲೆ ದನಿ ಎತ್ತಿ ಗುಂಪಿಗೆ, “ಸುಮ್ನ ಮಾರಿ ನೋಡ್ಕೋತ ಎಷ್ಟೊತ್ತು ಕುಂದ್ರತೀರಿ? ಹಕ್ಕಿ ಕತಿ ಹೇಳ್ತೀನಿ, ಕೇಳ್ರಿ,” ಎಂದರು.

ಮಾತಾಡುತ್ತಿದ್ದರೆ ಹೊಟ್ಟೆ ಹಿಡಿತದಲ್ಲಿರುತ್ತದೆ ಎಂದುಕೊಂಡರೋ, ಏನೋ. ತರಗತಿಯ ದನಿಯಲ್ಲೇ ಶುರು ಮಾಡಿದರು.

“ಇದು ಹುಟ್ಟೋದು ಇಲ್ಲಲ್ಲ. ಉತ್ತರಕ್ಕ ಹೋಗಬೇಕು. ಹಿಮಾಲಯ ದಾಟಬೇಕು, ಚೀನಾ ದಾಟಬೇಕು, ರಷ್ಯಾದ ತುದಿ, ಮುಂದ ಬರೇ ಮಂಜಿನ ಸಮುದ್ರ. ಅಲ್ಲಿ ಒಂದು ಗಿಡ ಇಲ್ಲ. ನೆಲ ಅಗದ್ರ ಒಳಗ ಮಂಜಗಡ್ಡಿ. ಬ್ಯಾಸಗ್ಯಾಗ ಅಲ್ಲಿ ಹೊತ್ತು ಮುಳುಗಂಗಿಲ್ಲ.”

“ಹೊತ್ತು ಮುಳುಗಂಗಿಲ್ಲ?” ಪಾಟೀಲ ಪಡುವಣದ ಕಡೆ ನೋಡಿದ.

“ಹೂನ್ರಿ. ಛಲೋ ಆತು, ನಮ್ಮನ್ನ ನೀವು ಅಲ್ಲಿ ಕುಂದ್ರಸಲಿಲ್ಲ.”

ಹೆಂಗಸರ ಕಡೆಯಿಂದ ನಗು ಬಂತು. ಪಾಟೀಲನ ಮೀಸೆಯೂ ಅಲುಗಿತು.

“ನೀ ನೋಡೀಯೇನು ಆ ದೇಶ?” ಕೊಡಲಿಯವ ಬಿಡಲಿಲ್ಲ.

“ಇಲ್ಲ. ನೀ ಕಾಶಿ ನೋಡೀಯೇನು?”

“ಇಲ್ಲ.”

“ಅದು ಅದನೋ ಇಲ್ಲೋ ಮತ್ತ?”

ಕಂಬಳಿ ಹೊದ್ದ ಒಬ್ಬ ಮುದಿ ಕುರಿಗಾರ ಹತ್ತಿರ ಬಂದು ಹಕ್ಕಿಯ ಕಡೆ ಕೈ ಚಾಚಿದ. ಮಾಸ್ತರರು ಅದನ್ನು ಹಿಂದಕ್ಕೆಳೆದುಕೊಂಡರು. “ಮುಟ್ಟಬ್ಯಾಡ ಯಪ್ಪಾ. ಒಳಗ ಪಾಷಾಣ ಅದ,” ಎಂದರು. ಗುಂಪು ಮತ್ತೆ ಗುಂಯ್‌ಗುಟ್ಟಿತು. ಆಗಲಾದರೂ ಆ ಮಾತನ್ನು ಬಾಯಿಂದ ತೆಗೆಯದೆ ಇರಬಹುದಿತ್ತು. ಅವರು ಹಕ್ಕಿಯನ್ನು ತಾವೇ ಹಿಡಿದು, ಹೊಟ್ಟೆಯ ಪುಕ್ಕಗಳನ್ನು ಬಾಯಿಯಿಂದ ಊದಿ ಬಿಡಿಸಿ ತೋರಿಸಿದರು. ಬಂಗಾರದ ಪುಕ್ಕದ ಬುಡದಲ್ಲಿ ಕಪ್ಪು ಪುಕ್ಕದ ಮೊಳಕೆಗಳು. ಕುರಿಗಾರ ಬಗ್ಗಿ ಬಹಳ ಹೊತ್ತು ನೋಡಿ, “ಅಲಲಲಾ. ಕರಿಮಾರಿ ಇದರಾಗಿಂದನ ಬರಾಕತ್ಯದ,” ಎಂದ.

ಗೆದ್ದೆವು ಅಂದುಕೊಂಡೆ. ಹಿಂದಿನಿಂದ ಒಂದು ದನಿ ಬಂತು: “ಮಾರಿ ಬದಲಿ ಮಾಡೋ ಹಕ್ಕೀನ ಹುಡಿಕ್ಯಾಡೋ ಮನಶ್ಯಾ, ತಾನೆಂಥವ ಇದ್ದಾನು?” ಅದಕ್ಕೆ ಯಾರೂ ನಗಲಿಲ್ಲ.

ಮಾಸ್ತರರು ಉತ್ತರ ಕೊಡಲು ಎದ್ದು ನಿಂತರು. ಬಾಯಿ ತೆರೆದವರು ಹಾಗೇ ನಿಂತುಬಿಟ್ಟರು. ಮುಖ ಬೂದಿಯಾಯಿತು. ಹೊಟ್ಟೆಯಲ್ಲಿ ಏನೋ ತಿರುಚಿ ಅವರನ್ನು ಎರಡಾಗಿ ಬಗ್ಗಿಸುತ್ತಿದೆ ಎಂದು ನನಗೆ ಗೊತ್ತಾಯಿತು. ಕೊಡಲಿಯವ ಮುಂದಕ್ಕೆ ಬಂದ. ಅಷ್ಟರಲ್ಲಿ ಅವರು ತಟತಟನೆ ಓಡಿದರು, ಗಕ್ಕನೆ ನಿಂತರು, ಪೂರಾ ಬಗ್ಗಿ ನೆಲಕ್ಕೆ ಮೂಗು ಹಚ್ಚಿದರು.

“ಹಿಂಗ,” ಎಂದರು ಬಗ್ಗಿದಲ್ಲಿಂದಲೇ. “ಹಿಂಗ ಓಡ್ತದ, ನಿಲ್ತದ, ಬಗ್ಗಿ ಹುಳ ಹೆಕ್ತದ. ಹುಳ ಆಳದಾಗಿತ್ತಂದ್ರ ಭಾಳೊತ್ತು ಬಗ್ಗಿರ್ತದ.”

ಬಹಳ ಹೊತ್ತು ಬಗ್ಗಿದ್ದರು. ಜನ ಹೊಟ್ಟೆ ಹಿಡಿದು ನಕ್ಕರು. ಎದ್ದು, ಮತ್ತೆ ಓಡಿ, ಮತ್ತೆ ಬಗ್ಗಿದರು. ಕೋಟಿನ ಬೆನ್ನು ಬೆವರಿನಿಂದ ತೊಯ್ದು ಅಂಟಿಕೊಂಡಿತ್ತು. ಆ ನಗುವಿನ ನಡುವೆ ನಾನು ನನ್ನ ತೊಡೆಯನ್ನು ಚಿವುಟಿಕೊಂಡು ಕೂತಿದ್ದೆ. ಹತ್ತಿರ ಬಂದು ಕೂತಾಗ ಅವರ ಹಲ್ಲು ಕಟಕಟ ಎನ್ನುತ್ತಿತ್ತು.

ಹೊತ್ತು ಬೇವಿನ ಕೊಂಬೆಗಿಳಿದಾಗ ಅವರ ದನಿ ಸಣ್ಣಗಾಗಿತ್ತು. ಮುದುಕಿ, “ಮರಿಗೋಳು ಹೆಂಗ ಬರ್ತಾವ ಅಷ್ಟು ದೂರ?” ಎಂದು ಕೇಳಿದಳು.

“ಅಪ್ಪ ಅವ್ವ ಮೊದಲ ಹೊಂಟು ಬರ್ತಾವ. ಮರಿ ಹಿಂದಿಂದ ತಾವ ಬರ್ತಾವ. ದಾರಿ ಯಾರೂ ತೋರಸಂಗಿಲ್ಲ.”

“ಯವ್ವಾ! ತಪ್ಪಿದ್ರ?”

“ತಪ್ಪಿದ್ದು ನಮಗ ಗೊತ್ತಾಗಂಗಿಲ್ಲವ್ವ. ಬಂದು ಮುಟ್ಟಿದ್ದಷ್ಟ ನಾವು ನೋಡ್ತೀವಿ.”

ಹೊತ್ತು ಮುಳುಗಿತು. ಪಾಟೀಲ ಎದ್ದು ಧೋತರ ಕೊಡವಿ, “ಹೋಗ್ರಿ. ಡಬ್ಬಿ ತಗೊಂಡು ಹೋಗ್ರಿ, ನಮ್ಮೂರಾಗ ಬ್ಯಾಡ,” ಎಂದ. ಮುದುಕಿ ಬಾವಿಗೆ ಹೋಗಿ ಕೊಡ ಇಳಿಬಿಟ್ಟಳು. ಗಡಗಡಿ ತಿರುಗಿತು. ಅವಳು ಕೊಡವನ್ನು ತಲೆಯ ಮೇಲೆ ಇಟ್ಟುಕೊಳ್ಳುವವರೆಗೆ ಮಾಸ್ತರರು ಅಲ್ಲಾಡದೆ ನಿಂತು ನೋಡಿದರು. ಆಮೇಲೆ ನಡೆದರು.

ಅವರು ಬದುಕಿದರು. ಮಾನ್ವಿಯಲ್ಲಿ ಹಾಸಿಗೆ ಹಿಡಿದರು, ಅಂಗೈಯ ಚರ್ಮವೆಲ್ಲ ಸುಲಿಯಿತು, ಎದ್ದಾಗ ಪಾದಗಳಲ್ಲಿ ಸ್ಪರ್ಶವಿರಲಿಲ್ಲ. ಕೊನೆಯವರೆಗೂ ತಮ್ಮ ಕಾಲನ್ನು ನೋಡುತ್ತಲೇ ನಡೆದರು. ಚಪ್ಪಲಿ ಕಳಚಿ ಬಿದ್ದರೂ ತಿಳಿಯುತ್ತಿರಲಿಲ್ಲ. ಹುಡುಗರು ಹಿಂದಿನಿಂದ ಆ ನಡಿಗೆಯನ್ನು ಅಣಕಿಸುತ್ತಿದ್ದರು. ಸಂಸ್ಥಾನ ಹೋಯಿತು, ಶಾಲೆಯ ಬೋರ್ಡು ಬದಲಾಯಿತು. ಮೂರು ಹಕ್ಕಿಗಳು ಅಲ್ಮಾರಿಯಲ್ಲಿ ಸಾಲಾಗಿ ಮಲಗಿದವು. ನನ್ನ ಕಾಕಾ ಬಂದು ನೋಡಿ, “ಒಂದ ಹಕ್ಕಿ, ಖರೆ,” ಎಂದು ಒಪ್ಪಿದ. ಮುಂದಿನ ಬೇಸಿಗೆಯಲ್ಲಿ ಅದನ್ನು ಕಂಡಾಗ ಹಿಂಡನ್ನು ಬೇರೆ ಕಡೆಗೇ ಹೊಡೆದ.

ಆದರೆ ಆ ದಿನದಲ್ಲಿ ನನ್ನನ್ನು ಬಿಡದೆ ಕಾಡುವುದು ಕೊಡಲಿಯಲ್ಲ, ಆಮೇಲಿನದು.

ಅಂದು ಊರು ಮರೆಯಾದ ಮೇಲೆ ಒಂದು ಹಳ್ಳ ಬಂತು. ನೀರು ಬತ್ತಿ, ಉಸುಕಿನಲ್ಲಿ ಅಲ್ಲಲ್ಲಿ ತೋಡಿದ ಒರತೆಗಳಿದ್ದವು. ಅವರು ಟವೆಲನ್ನು ಬಾಯಿಗೆ ಒತ್ತಿ ಹಿಡಿದು, ನನ್ನ ಹೆಗಲ ಮೇಲೆ ಪೂರಾ ಭಾರ ಹಾಕಿದ್ದರು. ಇನ್ನು ಯಾರೂ ನೋಡುವವರಿಲ್ಲ, ಇಲ್ಲೇ ಕಾರಿಕೊಳ್ಳಿ, ಕೈ ಬಾಯಿ ತೊಳೆದುಕೊಳ್ಳಿ ಎಂದು ಕೂರಿಸಹೋದೆ. ಅವರು ತಲೆ ಅಲ್ಲಾಡಿಸಿದರು. ಎದುರು ದಂಡೆಯಿಂದ ಆ ಊರಿನ ಕುರಿಗಳು ಒರತೆಯ ಕಡೆ ಇಳಿಯುತ್ತಿದ್ದವು. ನಾನು ಮತ್ತೆ ಕೈ ಹಿಡಿದೆಳೆದೆ. ಅವರು ಕೊಸರಿಕೊಂಡು, ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿ, ಒರತೆಗಳ ನಡುವೆ ಎಡವುತ್ತ ಹಳ್ಳ ದಾಟಿದರು. ದಂಡೆ ಹತ್ತಿದರು. ಬಿತ್ತದೆ ಬಿಟ್ಟ ಒಂದು ಹೊಲದ ನಡುವಿನವರೆಗೆ ಹೋಗಿ ಮೊಣಕಾಲೂರಿ, ಕೈಯಿಂದಲೇ ಗುಂಡಿ ತೋಡಿ, ಆಮೇಲೆ ಕಾರಿಕೊಂಡರು. ಜೀವವೇ ಹೊರಬೀಳುತ್ತದೆ ಎಂಬಂತೆ ಕಾರಿಕೊಂಡರು.

ನಾನು ತಂಬಿಗೆಯಿಂದ ಮಣ್ಣು ಎಳೆದು ಮುಚ್ಚಿದೆ. ಅವರು ಪಕ್ಕಕ್ಕೆ ಬಿದ್ದುಕೊಂಡೇ ಅದನ್ನು ನೋಡುತ್ತಿದ್ದರು.

“ಇನ್ನೊಂದೀಟು ಹಾಕು ತಮ್ಮಾ,” ಎಂದರು. “ನಾಯಿ ಕೆದರ್ತಾವ.”